ಅಡಿಕೆ ದಬ್ಬೆ ಹಾಕಿ ಗಿಡದ ಪೆಟ್ಟಿಗೆ ಉಳಿಸ್ಕೊಂಡೆ

ಮೂರು ಮಳೆಗಾಲ ಕಳೀಲಿ, ಆಮೇಲೆ ಬರಿಯೋಣ ಅಂತ ಸುಮ್ನಿದ್ದೆ. ಮೊನ್ನೆ ಒಂದು ಪೆಟ್ಟಿಗೆ ಮಗುಚಿ, ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಕಿದ ತಳ ಕೊಳೆತಿದ್ಯಾ ಅಂತ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡ್ದೆ, ಒಳಗೆ ಇಳೀಲೇ ಇಲ್ಲ. ಈಗ ಧೈರ್ಯವಾಗಿ ಬರೀತಿದೀನಿ.

ನಂದು ಬೆಂಗಳೂರಲ್ಲಿ ತಾರಸಿ ತೋಟ, ಆರು ಪೆಟ್ಟಿಗೆ, ಎಲ್ಲಾ ಪ್ಯಾಕಿಂಗ್ ಪೈನ್‌ವುಡ್ಡು, ಹೆಚ್ಚುಕಮ್ಮಿ ಮೂರಡಿ ಉದ್ದ ಒಂದೂವರೆ ಅಡಿ ಅಗಲ. 2022ರ ಮಳೆ ನೆನಪಿದೆಯಲ್ಲ, ಆಗ ಟೊಮೇಟೊ ಪೆಟ್ಟಿಗೆ ಒಂಚೂರು ಸರಿಸೋಣ ಅಂತ ಎತ್ತಿದ್ರೆ ಬರೀ ಚೌಕಟ್ಟು ಕೈಗೆ ಬಂತು, ತಳ ಮಣ್ಣು ಗಿಡ ಎಲ್ಲಾ ನೆಲದ ಮೇಲೇ ಕೂತಿತ್ತು. ತಳದ ಹಲಗೆ ಟೀಯಲ್ಲಿ ಅದ್ದಿದ ರಸ್ಕ್ ಥರ ಆಗಿತ್ತು. ಸುತ್ತಿನ ಹಲಗೆ ಮಾತ್ರ ಗಟ್ಟಿ, ಅದಕ್ಕೇ ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಹೊಸದಕ್ಕೆ ಒಂದೊಂದಕ್ಕೆ 1,800 ಕೇಳಿದ್ರು, ಆರಕ್ಕೆ ಲೆಕ್ಕ ಹಾಕ್ಕೊಳ್ಳಿ.

ಮೊದ್ಲು ಎಪಾಕ್ಸಿ ಪುಟ್ಟಿ (ಕಲಸಿ ಹಚ್ಚಿದ್ರೆ ಗಟ್ಟಿಯಾಗೋ ಅಂಟು) ತುಂಬ್ದೆ, 400 ರೂಪಾಯಿ ಹೋಯ್ತು. ಒದ್ದೆ ಮರ ಅದನ್ನ ಹಿಡ್ಕೊಳ್ಳಲ್ಲ, ಎರಡು ತಿಂಗಳಿಗೆ ಉಂಡೆ ಉಂಡೆಯಾಗಿ ಉದುರ್ತು. ಆಮೇಲೆ ವಾಟರ್‌ಪ್ರೂಫ್ ಅಂತ ಕೊಟ್ಟ ಪ್ಲೈವುಡ್ ಹಾಕ್ದೆ, 900 ಚಿಲ್ಲರೆ, ಅದು ಹಳೇ ಪಂಚಾಂಗದ ಹಾಳೆ ಥರ ಪದರ ಪದರ ಬಿಟ್ಕೊಳ್ತು. ಒಳಗೆ ಪ್ಲಾಸ್ಟಿಕ್ ಹಾಸಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು, ಶೀಟಿಗೂ ಹಲಗೆಗೂ ಮಧ್ಯೆ ನೀರು ನಿಂತು ಚೆನ್ನಾಗಿದ್ದ ಎರಡು ಪೆಟ್ಟಿಗೇನೂ ಕೊಳೀತು.

ಆ ದೀಪಾವಳಿಗೆ ಶಿವಮೊಗ್ಗ ಜಿಲ್ಲೆ ಸಾಗರದ ಕಡೆ ಊರಿಗೆ ಹೋಗಿದ್ದಾಗ ದೊಡ್ಡಪ್ಪನ ಕೊಟ್ಟಿಗೆ ಅಟ್ಟದ ಅಡಿಕೆ ದಬ್ಬೆ ಕಣ್ಣಿಗೆ ಬಿತ್ತು. ನಾನು ಹುಟ್ಟೋ ಮುಂಚಿನದು, ಕಪ್ಪಗಾಗಿದೆ ಅಷ್ಟೇ. ಒಂದು ಹೊರೆ ಕಾರ್ ಮೇಲೆ ಕಟ್ಕೊಂಡ್ ಬಂದೆ. ನಮ್ ಕಾರ್ಪೆಂಟರ್ ನಕ್ಬಿಟ್ರು, "ಇದು ಚಪ್ಪರಕ್ಕೆ ಸಾರ್, ಒಂದ್ವರ್ಷ ತಡೆದ್ರೆ ನನ್ ಉಳಿ ನಿಮಗೇ ಕೊಟ್ಬಿಡ್ತೀನಿ". ಉಳಿ ಇನ್ನೂ ಬಂದಿಲ್ಲ. ಮನೇಲೂ "ಇನ್ನೊಂದು ಕಸ ತಂದ್ರಾ" ಅಂದ್ರು.

ಮುದಿ ಮರದ್ದೇ ಬೇಕು, ಎಳೇ ಮರದ ದಬ್ಬೆ ಬರೀ ಮೆತ್ತಗೆ. ಒಳಗಿನ ಮೆತ್ತನೆ ತಿರುಳನ್ನ ಕತ್ತೀಲಿ ಪೂರ್ತಿ ಹೆರೀಬೇಕು, ಒಂದು ಪಟ್ಟೀಲಿ ಸೋಮಾರಿತನ ಮಾಡ್ದೆ, ಅದೊಂದಕ್ಕೇ ಕುಟ್ಟೆ ಹುಳ ಹಿಡೀತು. ಮೊಳೆ ಹೊಡೆದ್ರೆ ಸೀದಾ ಸೀಳ್ಕೊಳ್ಳುತ್ತೆ, ನಾಲ್ಕು ಪಟ್ಟಿ ಹಾಳು ಮಾಡಿದ್ಮೇಲೆ ಬುದ್ಧಿ ಬಂತು, ಡ್ರಿಲ್ ಮಾಡಿ ಸ್ಟೀಲ್ ಸ್ಕ್ರೂ ಹಾಕ್ದೆ. ಪಟ್ಟಿ ಪಟ್ಟಿ ಮಧ್ಯೆ ಕಾಲಿಂಚು ಸಂದಿ, ಮೇಲೆ ಎರಡು ಮಡಿಕೆ ಹಳೇ ಶೇಡ್ ನೆಟ್, ಕೆಳಗೆ ಒಡೆದ ಟೈಲ್ಸ್ ಇಟ್ಟು ಪೆಟ್ಟಿಗೆ ಎತ್ತರಿಸ್ದೆ. ಗಾಳಿ ಆಡೋದೇ ಅರ್ಧ ಕೆಲಸ ಅನ್ಸುತ್ತೆ.

ಹೊರಗಡೆಗೆ ಗೇರುಬೀಜದ ಸಿಪ್ಪೆ ಎಣ್ಣೆ, ಕರಾವಳೀಲಿ ದೋಣಿಗೆ ಹಚ್ಚೋದು. ಗ್ಲೌಸ್ ಇಲ್ದೆ ಮುಟ್ಬೇಡಿ, ಮಣಿಕಟ್ಟಿಗೆ ಒಂದು ಹನಿ ಸಿಡಿದಿದ್ದಕ್ಕೆ ಗುಳ್ಳೆ ಎದ್ದು ಹದಿನೈದು ದಿನ ಕಾಡ್ತು. ಬೇರು ತಾಗೋ ಕಡೆ ಹಚ್ಚಿಲ್ಲ. ಎಣ್ಣೆಗೆ ಇನ್ನೊಂದು ಸಾಮಾನು ಬೆರೆಸ್ತೀನಿ, ಅದನ್ನ ಇಲ್ಲಿ ಬರಿಯಲ್ಲ, ಮನೆಗೆ ಬಂದವರಿಗೆ ತೋರಿಸ್ತೀನಿ.

ಮಧ್ಯೆ ಇನ್ನೊಂದು ಹುಚ್ಚು, ಒಂದು ಪೆಟ್ಟಿಗೆ ಹಲಗೇನ ಗ್ಯಾಸ್ ಟಾರ್ಚಲ್ಲಿ ಕರ್ರಗೆ ಸುಟ್ಟೆ, ಜಪಾನಿನವರು ಗೋಡೆ ಹಲಗೆಗೆ ಮಾಡೋ ಥರ. ಹೊಗೆ ನೋಡಿ ಕೆಳಗಿನ ಮನೆಯವರು ಓಡ್ಬಂದ್ರು. ನೋಡೋಕೇನೋ ಚೆಂದ, ಆದ್ರೆ ಮೂಲೆ ಜಾಯಿಂಟ್ ಒಣಗಿ ಬಾಯ್ಬಿಡ್ತು, ಈಗ ಅದಕ್ಕೆ ತಂತಿ ಸುತ್ತಿದೀನಿ.

ಖರ್ಚು ಸ್ಕ್ರೂ, ಎಣ್ಣೆ, ಡ್ರಿಲ್ ಬಿಟ್ ಎಲ್ಲಾ ಸೇರಿ ಎರಡು ಸಾವಿರದ ಆಸುಪಾಸು, ಮೊದ್ಲು ಹಾಳು ಮಾಡಿದ್ದು ಬಿಟ್ಟು. ದಬ್ಬೆಗೆ ದೊಡ್ಡಪ್ಪ ದುಡ್ಡು ಇಸ್ಕೊಳ್ಳಲಿಲ್ಲ, ಬದಲಿಗೆ ಎರಡು ಡಜನ್ ಗ್ರೋ ಬ್ಯಾಗ್ ಕೇಳಿದಾರೆ, ಇನ್ನೂ ಕಳ್ಸಿಲ್ಲ.