ಎರಡೂವರೆ ಪಿ.ಎಸ್.ಐ. ಮತ್ತು ಆಗುಂಬೆಯ ಎಂಟನೆಯ ತಿರುವು

ಅಪ್ಪನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಉಡುಪಿಯ ನಮ್ಮ ಮನೆಯ ಶೆಡ್ಡಿನಲ್ಲಿ ಮಳೆಗಾಲ ಕಳೆಯಿತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತಿದ್ದೆ, ಅಷ್ಟೆ. ಮಳೆ ನಿಂತ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಮೇಲೇರಿದೆ, ಮೂಸಿದರೆ ಪೆಟ್ರೋಲ್ ವಾಸನೆ. ಎಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲ್ ಪಂಪಿನ ಡಯಾಫ್ರಮ್, ಅಂದರೆ ಒಳಗಿನ ತೆಳು ಪರದೆ, ಹರಿದು ಪೆಟ್ರೋಲ್ ಸೀದಾ ಕೆಳಗಿನ ಆಯಿಲ್‌ಗೆ ಸೇರುತ್ತಿತ್ತು. ನಮ್ಮ ಮೆಕ್ಯಾನಿಕ್‌ಗಳು ಇದಕ್ಕೆ ಎ.ಸಿ. ಪಂಪ್ ಎನ್ನುತ್ತಾರೆ, ತಂಪು ಗಾಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಆಯಿಲ್ ಬದಲಾಯಿಸಿದೆ. ಪಂಪ್ ಕಳಚಿದ ಜಾಗಕ್ಕೆ ಪ್ಯಾಕಿಂಗ್ ಇಟ್ಟು ತಗಡಿನ ಮುಚ್ಚಳ ಹಾಕಿದೆ. ಹೊಸ ಎಲೆಕ್ಟ್ರಿಕ್ ಪಂಪನ್ನು ಹಿಂದೆ, ಟ್ಯಾಂಕಿಗೆ ಹತ್ತಿರ, ಆದಷ್ಟು ಕೆಳಗೆ ಕೂರಿಸಿದೆ. ಈ ಪಂಪ್‌ಗಳಿಗೆ ತಳ್ಳುವ ಶಕ್ತಿ ಇದೆ, ಎಳೆಯುವ ಶಕ್ತಿ ಕಡಿಮೆ. ಹಳೆಯ ರಬ್ಬರ್ ಪೈಪುಗಳನ್ನೂ ಎಸೆದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್‌ಗೆ ಅವು ಉಬ್ಬಿ ಮೆತ್ತಗಾಗಿದ್ದವು.

ಮಾಡಿದ ತಪ್ಪು ಒಂದೇ: ಪಂಪಿನ ಒತ್ತಡವನ್ನು ತಗ್ಗಿಸುವ ರೆಗ್ಯುಲೇಟರ್ ಹಾಕಲಿಲ್ಲ. ಕೀ ತಿರುಗಿಸಿದ ಅರ್ಧ ನಿಮಿಷಕ್ಕೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಓವರ್‌ಫ್ಲೋ ಆಗಿ ಬಿಸಿ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿತು. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಬಾನೆಟ್ ಒಳಗೆ ಬಗ್ಗಿ ನೋಡಿ, "ಮಾರಾಯರೇ, ಇದು ಇಂಜೆಕ್ಷನ್ ಗಾಡಿ ಅಲ್ಲ. ಇಲ್ಲಿ ಪೆಟ್ರೋಲನ್ನು ತಡೆಯುವುದು ಒಂದು ಸಣ್ಣ ಸೂಜಿ ಮಾತ್ರ" ಎಂದರು. ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಕಾರುಗಳಲ್ಲಿ ಸುಮಾರು 40 ಪಿ.ಎಸ್.ಐ. (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ಸಾಮಾನ್ಯ. ಕಾರ್ಬುರೇಟರಿಗೆ ಎರಡರಿಂದ ಮೂರೂವರೆ ಸಾಕು. ಅದಕ್ಕಿಂತ ಹೆಚ್ಚಾದರೆ ಕಾರ್ಬುರೇಟರಿನ ಬಟ್ಟಲಲ್ಲಿ ತೇಲುವ ಫ್ಲೋಟ್ ಎಷ್ಟೇ ತೇಲಿದರೂ ಆ ಸೂಜಿಯನ್ನು, ಅಂದರೆ ನೀಡಲ್ ವಾಲ್ವನ್ನು, ಮುಚ್ಚಿ ಹಿಡಿಯಲಾರದು.

ರೆಗ್ಯುಲೇಟರ್ ತಂದೆ. ಅದರ ತಲೆಯ ಮೇಲೆ ಅಂಕಿಗಳಿವೆ, ತಿರುಗಿಸಿ 2ಕ್ಕೆ ಇಟ್ಟೆ. ನಂಬಲು ಮನಸ್ಸು ಬರಲಿಲ್ಲ. ರೆಗ್ಯುಲೇಟರಿಗೂ ಕಾರ್ಬುರೇಟರಿಗೂ ನಡುವೆ ಟಿ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ 0ಯಿಂದ 15 ಪಿ.ಎಸ್.ಐ. ತೋರಿಸುವ ಗೇಜ್ ಜೋಡಿಸಿದೆ. ಮುಳ್ಳು ನಾಲ್ಕರ ಹತ್ತಿರ ನಿಂತಿತು! ಅಂದಿನಿಂದ ಆ ಅಂಕಿಗಳು ನನಗೆ ಅಲಂಕಾರ ಮಾತ್ರ. ನೂರು ಪಿ.ಎಸ್.ಐ.ಯ ಗೇಜ್ ಕೂಡ ಈ ಕೆಲಸಕ್ಕೆ ಬರುವುದಿಲ್ಲ. ಎರಡಕ್ಕೂ ಮೂರಕ್ಕೂ ಅದರಲ್ಲಿ ಕೂದಲೆಳೆಯ ಅಂತರ. ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂ ಸಡಿಲಿಸಿ ಎರಡಕ್ಕಿಂತ ಕೆಳಗಿಳಿಸಿ, ಮತ್ತೆ ನಿಧಾನವಾಗಿ ಬಿಗಿಯುತ್ತಾ ಎರಡೂವರೆಗೆ ತಂದು ಲಾಕ್ ನಟ್ ಬಿಗಿದೆ. ಓವರ್‌ಫ್ಲೋ ನಿಂತಿತು. ಇಷ್ಟು ಕಡಿಮೆ ಒತ್ತಡದಲ್ಲಿಯೂ ಸೋರುತ್ತಿದ್ದರೆ ರೆಗ್ಯುಲೇಟರನ್ನು ಬೈಯದೆ ನೀಡಲ್ ವಾಲ್ವ್ ಮತ್ತು ಫ್ಲೋಟ್ ಮಟ್ಟ ನೋಡಬೇಕು.

ಗೆದ್ದೆನೆಂದು ಆಗುಂಬೆಗೆ ಹೊರಟೆ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಕಾರು ಬೆಣ್ಣೆಯಂತೆ ಓಡಿತು. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಎಂಟನೆಯದಕ್ಕೆ ಬಂದಾಗ ಮುಗ್ಗರಿಸತೊಡಗಿತು; ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿತು. ಬದಿಗೆ ನಿಲ್ಲಿಸಿ ಎರಡು ನಿಮಿಷ ಬಿಟ್ಟರೆ ಮತ್ತೆ ಸರಿ, ಇನ್ನೆರಡು ತಿರುವಿಗೆ ಅದೇ ಕತೆ. ಒತ್ತಡ ಸಾಲದು ಎಂದುಕೊಂಡು ಮೂರೂವರೆಗೆ ಏರಿಸಿದೆ. ಏನೂ ಬದಲಾಗಲಿಲ್ಲ, ವಾಸನೆ ಮಾತ್ರ ಹೆಚ್ಚಾಯಿತು.

ಮನೆಗೆ ಬಂದು, ಮೊದಲೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಬಯಲಿನಲ್ಲಿ, ತಣ್ಣಗಿನ ಎಂಜಿನ್ನಿನಲ್ಲಿ, ಇಗ್ನಿಷನ್ ಕಾಯಿಲಿನ ವೈರ್ ತೆಗೆದು, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟುಕೊಂಡು, ಕಾರ್ಬುರೇಟರಿನ ಪೈಪನ್ನು ಅಳತೆಯ ಪಾತ್ರೆಗೆ ಇಳಿಸಿ ಪಂಪನ್ನು ಮೂವತ್ತು ಸೆಕೆಂಡ್ ಓಡಿಸಿದೆ. ಬಂದದ್ದು 70 ಮಿಲಿಲೀಟರ್. ಲೆಕ್ಕ ಹಾಕಿ ನೋಡಿ: ಏರಿನಲ್ಲಿ ಪೂರ್ತಿ ಒತ್ತಿದರೆ ಈ 1089 ಸಿ.ಸಿ. ಎಂಜಿನ್ ಗಂಟೆಗೆ ಸುಮಾರು 12 ಲೀಟರ್ ಕುಡಿಯಬಹುದು, ಅಂದರೆ ಮೂವತ್ತು ಸೆಕೆಂಡಿಗೆ 100 ಮಿಲಿಲೀಟರ್. ಕಾರ್ಬುರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲ್ ಎಂಟನೆಯ ತಿರುವಿನವರೆಗೆ ಸಾಲವಾಗಿ ಸಿಕ್ಕಿತ್ತು. ಎಂಜಿನ್ ನಿಧಾನಗತಿಯಲ್ಲಿದ್ದಾಗ ಬೇಡಿಕೆ ಕಡಿಮೆ, ಹಾಗಾಗಿ ಹರಿವು ಸೊರಗಿದ್ದರೂ ಗೇಜಿನ ಮುಳ್ಳು ಎರಡೂವರೆಯಲ್ಲಿ ಸಭ್ಯವಾಗಿ ನಿಂತಿತ್ತು. ಒತ್ತಡ ಬೇರೆ, ಹರಿವು ಬೇರೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಪಂಪಿನ ಮೊದಲಿನ ಫಿಲ್ಟರ್ ಬಿಚ್ಚಿದರೆ ಕೆಂಪು ಮಡ್ಡಿ. ಕರಾವಳಿಯ ತೇವದಲ್ಲಿ ಅರ್ಧ ಖಾಲಿ ನಿಂತ ಟ್ಯಾಂಕಿನ ತುಕ್ಕು ಅದು. ಟ್ಯಾಂಕ್ ಇಳಿಸಿ ತೊಳೆದು ಒಣಗಿಸುವುದರಲ್ಲಿ ಇಡೀ ಭಾನುವಾರ ಹೋಯಿತು. ಹೊಸ ಫಿಲ್ಟರಿನೊಂದಿಗೆ ಅದೇ ಮೂವತ್ತು ಸೆಕೆಂಡಿಗೆ 400 ಮಿಲಿಲೀಟರಿಗೂ ಹೆಚ್ಚು ಬಂತು. ಒತ್ತಡವನ್ನು ಮರಳಿ ಎರಡೂವರೆಗೆ ಇಳಿಸಿದೆ.

ವೈರಿಂಗ್ ಕೂಡ ಬದಲಾಯಿಸಿದೆ. ಹಳೆಯ ಪಂಪ್ ಎಂಜಿನ್ ನಿಂತೊಡನೆ ತಾನೂ ನಿಲ್ಲುತ್ತಿತ್ತು. ಎಲೆಕ್ಟ್ರಿಕ್ ಪಂಪಿಗೆ ಆ ಬುದ್ಧಿ ಇಲ್ಲ. ಅಪಘಾತದಲ್ಲಿ ಪೈಪ್ ಕಿತ್ತುಹೋದರೂ ಕೀ ಆನ್ ಇರುವವರೆಗೆ ಅದು ಸುರಿಯುತ್ತಲೇ ಇರುತ್ತದೆ. ಹಾಗಾಗಿ ಫ್ಯೂಸ್, ರಿಲೇ ಮತ್ತು ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಕರೆಂಟ್ ಕೊಟ್ಟಿದ್ದೇನೆ: ಎಂಜಿನ್ ನಿಂತು ಆಯಿಲ್ ಒತ್ತಡ ಬಿದ್ದರೆ ಪಂಪ್ ಬಂದ್. ಸ್ಟಾರ್ಟ್ ಮಾಡುವಾಗ ಮಾತ್ರ ಸ್ಟಾರ್ಟರಿನ ಸಾಲಿನಿಂದ ನೇರ ಕರೆಂಟ್ ಸಿಗುತ್ತದೆ.

ಮುಂದಿನ ವಾರ ಹದಿನಾಲ್ಕೂ ತಿರುವುಗಳನ್ನು ನಿಲ್ಲದೆ ಹತ್ತಿದೆ. ಮರಳಿ ಬಂದು ಗೇಜ್ ಕಳಚಿ ಟಿ ಕೂಡ ತೆಗೆದುಬಿಟ್ಟೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಲು ಇನ್ನೊಂದು ಜೋಡಣೆ ಯಾಕೆ? ಗೇಜ್ ಈಗ ಟೂಲ್ ಡಬ್ಬಿಯಲ್ಲಿ ಬಟ್ಟೆಯಲ್ಲಿ ಸುತ್ತಿಕೊಂಡಿದೆ.