ಗೊಬ್ಬರ ಹಾಕಿದ ರಸ್ತೆಬದಿಯಿಂದ ಹರಿಯುವ ಮಳೆನೀರು: ಪರೀಕ್ಷೆ ಮಾಡುವುದು ಹೇಗೆ?

ಬೆಂಗಳೂರಿನ ರಸ್ತೆಬದಿಯ ಮಣ್ಣು ಜಲ್ಲಿ, ಸಿಮೆಂಟ್ ಪುಡಿ ಸೇರಿ, ಗಾಡಿಗಳ ತುಳಿತಕ್ಕೆ ಸಿಕ್ಕಿ ಗಟ್ಟಿಯಾಗಿಬಿಟ್ಟಿರುತ್ತದೆ. ಮಳೆ ಬಂದರೆ ನೀರು ಇಂಗುವ ಬದಲು ಮೇಲ್ಮಣ್ಣನ್ನು ಹೊತ್ತುಕೊಂಡು ಚರಂಡಿಗೆ ಇಳಿಯುತ್ತದೆ. ಕಾಂಪೋಸ್ಟ್ ಬೆರೆಸಿದರೆ ಮಣ್ಣು ಸಡಿಲವಾಗಿ ನೀರು ಇಂಗುತ್ತದೆ, ಹುಲ್ಲು ಬೇರು ಬಿಡುತ್ತದೆ. ಆದರೆ ಗೊಬ್ಬರದಲ್ಲಿರುವ ರಂಜಕ (ಫಾಸ್ಫರಸ್) ಮತ್ತು ನೈಟ್ರೇಟ್ ಕೊಚ್ಚಿಹೋದರೆ ರಾಜಕಾಲುವೆ ಹಿಡಿದು ಕೆರೆ ಸೇರುತ್ತವೆ. ನಗರದ ಆಗ್ನೇಯ ಭಾಗದ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತದೆ. ಒಳಚರಂಡಿ ನೀರು ಕುಡಿದು ಕಳೆ ತುಂಬಿಕೊಂಡಿದ್ದ ಆ ಕೆರೆಗಳಿಗೆ ಇನ್ನಷ್ಟು ರಂಜಕ ಬೇಡವೇ ಬೇಡ. ಆದ್ದರಿಂದ ಬಡಾವಣೆಯ ಸಂಘದವರಾಗಲಿ, ಶಾಲೆಯವರಾಗಲಿ ಉದ್ದಕ್ಕೂ ಗೊಬ್ಬರ ಹರಡುವ ಮೊದಲು ಒಂದು ತುಂಡು ಜಾಗದಲ್ಲಿ ಪರೀಕ್ಷಿಸಿ ನೋಡಬೇಕು. ಜಾಗ ಸಾರ್ವಜನಿಕರದ್ದು, ಪಾಲಿಕೆಯ ಒಪ್ಪಿಗೆ ಪಡೆದೇ ಕೈಹಾಕಿ.

ಮೊದಲು ಗೊಬ್ಬರವನ್ನೇ ನೋಡಿ

ಅರೆಕಳಿತ ಗೊಬ್ಬರದಿಂದಲೇ ಹೆಚ್ಚಿನ ತೊಂದರೆ. ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ವಾಸನೆ ಅಥವಾ ಅಮೋನಿಯಾ ಘಾಟು ಬಂದರೆ ಇನ್ನೂ ಕಳಿಯಬೇಕು. ಹಸಿಮಣ್ಣಿನ ವಾಸನೆ ಬಂದರೆ ಸರಿ. ನಗರದ ಕಸದಿಂದ ಮಾಡಿದ ಗೊಬ್ಬರವಾದರೆ ಮಾರುವವರಿಂದ ಪ್ರಯೋಗಾಲಯದ ವರದಿ ಕೇಳಿ ಪಡೆಯಿರಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಇಂಥ ಗೊಬ್ಬರದ ಒಂದು ಕಿಲೋದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ.

ಎರಡು ಪಾತಿ, ಎರಡು ಡ್ರಮ್ಮು

ಒಂದೇ ಇಳಿಜಾರಿನಲ್ಲಿ ಅಕ್ಕಪಕ್ಕ, 1 ಮೀಟರ್ ಅಗಲ, 2 ಮೀಟರ್ ಉದ್ದದ ಎರಡು ಪಾತಿ ಮಾಡಿ. ಎರಡನ್ನೂ ಒಂದೇ ಆಳಕ್ಕೆ ಅಗೆಯಿರಿ. ಒಂದಕ್ಕೆ 3 ಸೆಂಟಿಮೀಟರ್ ದಪ್ಪ ಗೊಬ್ಬರ ಹರಡಿ, 15 ಸೆಂಟಿಮೀಟರ್ ಆಳದವರೆಗೆ ಬೆರೆಸಿ. ಇನ್ನೊಂದಕ್ಕೆ ಏನೂ ಹಾಕಬೇಡಿ. ಈ ಎರಡನೆಯ ಪಾತಿ ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ, ಏಕೆಂದರೆ ಬರೀ ಮಣ್ಣಿನಿಂದಲೂ ರಂಜಕ ಹೊರಡುತ್ತದೆ.

ಪಾತಿಯ ಸುತ್ತ ತಗಡಿನ ಪಟ್ಟಿಗಳನ್ನು 10 ಸೆಂಟಿಮೀಟರ್ ಆಳಕ್ಕೆ ಹೂತು ಅಂಚು ಕಟ್ಟಿ. ರಸ್ತೆಯ ನೀರು ಒಳಗೆ ನುಗ್ಗಬಾರದು. ಟೈರಿನ ಸತು, ಬ್ರೇಕಿನ ತಾಮ್ರ, ಎಣ್ಣೆ ಎಲ್ಲ ಅದರಲ್ಲಿರುತ್ತವೆ, ಲೆಕ್ಕ ಕಲಸಿಹೋಗುತ್ತದೆ. ಲೋಹಗಳನ್ನೂ ಅಳೆಯುವುದಾದರೆ ತಗಡಿನ ಬದಲು ಪ್ಲಾಸ್ಟಿಕ್ ಹಾಳೆ ಬಳಸಿ, ತಗಡಿನ ಲೇಪದಲ್ಲೇ ಸತು ಇದೆ. ಕೆಳತುದಿಗೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಕೂರಿಸಿ, ಮಳೆ ನೇರವಾಗಿ ಬೀಳದಂತೆ ಮೇಲೆ ಮುಚ್ಚಿ, ಕೊನೆಗೆ ಡ್ರಮ್ ಇಡಿ. 1 ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. 20 ಮಿಲಿಮೀಟರ್ ಮಳೆಗೆ ಒಂದು ಪಾತಿಯ ಮೇಲೆ 40 ಲೀಟರ್ ಬೀಳುತ್ತದೆ. ಹಾಗಾಗಿ 50 ಲೀಟರಿನ ಡ್ರಮ್ ಬೇಕು. ಪಕ್ಕದಲ್ಲಿ ಮಳೆಮಾಪಕವೂ ಇರಲಿ.

ನೀರು ಹಿಡಿಯುವುದು

ಮಳೆ ನಿಂತೊಡನೆ ಮೊದಲು ಡ್ರಮ್ಮಿನಲ್ಲಿ ಎಷ್ಟು ಲೀಟರ್ ಇದೆ ಎಂದು ಬರೆದುಕೊಳ್ಳಿ. ಅವಸರದಲ್ಲಿ ಬಾಟಲಿ ತುಂಬಿಕೊಂಡು ಹೊರಟವರು ಮರೆಯುವುದು ಇದನ್ನೇ. ಆಮೇಲೆ ತಳದ ಕೆಸರು ಮೇಲೇಳುವಂತೆ ಚೆನ್ನಾಗಿ ಕಲಕಿ, ಒಂದು ಲೀಟರ್ ಹಿಡಿಯಿರಿ. ಬಾಟಲಿಯನ್ನು ಸೋಪಿನ ಪುಡಿಯಿಂದ ತೊಳೆಯಬೇಡಿ, ಅದರಲ್ಲಿ ಫಾಸ್ಫೇಟ್ ಇರಬಹುದು. ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ಪ್ರಯೋಗಾಲಯಕ್ಕೆ ಒಯ್ಯಿರಿ. ಒಟ್ಟು ರಂಜಕ, ನೈಟ್ರೇಟ್, ನೀರಿನಲ್ಲಿ ತೇಲಾಡುವ ಕಣಗಳು, ವಿದ್ಯುತ್ ವಾಹಕತೆ (ಕರಗಿದ ಉಪ್ಪಿನಂಶದ ಅಳತೆ), ಇಷ್ಟು ಕೇಳಿದರೆ ಸಾಕು. ದೊಡ್ಡ ರಸ್ತೆಯಾದರೆ ತಾಮ್ರ, ಸತು, ಸೀಸವನ್ನೂ ಸೇರಿಸಿ. ಲೋಹದ ಪರೀಕ್ಷೆಗೆ ಆಮ್ಲ ಹಾಕಿದ ಬೇರೆ ಬಾಟಲಿ ಬೇಕಾಗುತ್ತದೆ, ಪ್ರಯೋಗಾಲಯದವರಿಂದಲೇ ಪಡೆಯಿರಿ.

ಒಂದೇ ಮಳೆಗೆ ತೀರ್ಪು ಕೊಡಬೇಡಿ. ಗೊಬ್ಬರದಲ್ಲಿ ಸುಲಭವಾಗಿ ಕರಗುವ ಉಪ್ಪಿನಂಶ ಮೊದಲ ಮಳೆಗಳಲ್ಲೇ ಹೆಚ್ಚು ಹೊರಡುತ್ತದೆ. ಕನಿಷ್ಠ ಮೂರು ಒಳ್ಳೆಯ ಮಳೆಗಳ ನೀರು ಬೇಕು.

ಲೆಕ್ಕ ಹೀಗೆ

ಗೊಬ್ಬರದ ಪಾತಿಯಿಂದ ಬಂದ ನೀರು ಸಾಮಾನ್ಯವಾಗಿ ಕಂದು ಬಣ್ಣಕ್ಕಿರುತ್ತದೆ, ಲೀಟರಿನ ಲೆಕ್ಕದಲ್ಲಿ ರಂಜಕವೂ ಹೆಚ್ಚಿರಬಹುದು. ಅಷ್ಟು ನೋಡಿ ಗೊಬ್ಬರವೇ ಬೇಡ ಎನ್ನುವುದು ತಪ್ಪು. ಕೆರೆಗೆ ಸೇರುವ ಒಟ್ಟು ಹೊರೆ ಎಷ್ಟು ಎಂಬುದೇ ಮುಖ್ಯ. ಅದಕ್ಕೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬುದನ್ನು ಹರಿದ ಲೀಟರುಗಳಿಂದ ಗುಣಿಸಿ. ಉದಾಹರಣೆಗೆ, ಬರೀ ಮಣ್ಣಿನ ಪಾತಿಯಿಂದ 20 ಲೀಟರ್, ಲೀಟರಿಗೆ 0.4 ಮಿಲಿಗ್ರಾಂ ರಂಜಕ ಎಂದಿಟ್ಟುಕೊಳ್ಳಿ: ಹೊರೆ 8 ಮಿಲಿಗ್ರಾಂ. ಗೊಬ್ಬರದ ಪಾತಿಯಿಂದ 6 ಲೀಟರ್, ಲೀಟರಿಗೆ 1 ಮಿಲಿಗ್ರಾಂ: ಹೊರೆ 6 ಮಿಲಿಗ್ರಾಂ. ನೀರು ಇಂಗಿದ್ದರಿಂದ ಗೊಬ್ಬರ ಗೆದ್ದಿದೆ. ಅದೇ ಪಾತಿಯಿಂದ 12 ಲೀಟರ್ ಹರಿದಿದ್ದರೆ 12 ಮಿಲಿಗ್ರಾಂ ಆಗಿ ಸೋಲುತ್ತಿತ್ತು. ವರದಿಯಲ್ಲಿ 'ಫಾಸ್ಫೇಟ್' ಎಂದಿದ್ದರೆ 3.07ರಿಂದ ಭಾಗಿಸಿ ರಂಜಕಕ್ಕೆ ಇಳಿಸಿಕೊಳ್ಳಿ. ಎರಡು ವರದಿಗಳ ಹೋಲಿಕೆ ಕೆಡುವುದು ಹೆಚ್ಚಾಗಿ ಇಲ್ಲೇ.

ಹೊರೆ ಹೆಚ್ಚು ಬಂದರೆ ಗೊಬ್ಬರವನ್ನು ಅರ್ಧಕ್ಕೆ ಇಳಿಸಿ, ಇನ್ನೂ ಆಳಕ್ಕೆ ಬೆರೆಸಿ, ಮೇಲೆ ಗರಿಕೆ ಹುಲ್ಲು ಹಿಡಿಸಿ, ಕೆಳತುದಿಯಲ್ಲಿ ಅರ್ಧ ಮೀಟರ್ ಅಗಲ ಗೊಬ್ಬರವಿಲ್ಲದ ಹುಲ್ಲಿನ ಪಟ್ಟಿ ಬಿಟ್ಟು ಮತ್ತೆ ಅಳೆಯಿರಿ. ಇನ್ನೊಂದು ಎಚ್ಚರಿಕೆ: ಇಂಗಿದ ನೀರಿನ ರಂಜಕವನ್ನು ನಮ್ಮ ಕೆಮ್ಮಣ್ಣಿನ ಕಬ್ಬಿಣದಂಶ ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೇಟನ್ನು ಹಿಡಿಯುವುದಿಲ್ಲ. ಅದು ಕೆಳಗಿಳಿದು ಅಂತರ್ಜಲ ಸೇರಬಲ್ಲದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹತ್ತಿರದಲ್ಲಿ ಬಾವಿಯೋ ಬೋರ್‌ವೆಲ್ಲೋ ಇದ್ದರೆ ಗೊಬ್ಬರ ಹಾಕುವ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅದರ ನೀರನ್ನೂ ಪರೀಕ್ಷೆಗೆ ಕಳಿಸಿ.