ಟೆಕ್ ಸೂಟ್ ಹಾಕಿ ಈಜಿದ ಎರಡು ವರ್ಷ

ಮೊದಲ ಸಲ ಟೆಕ್ ಸೂಟ್, ಅಂದರೆ ಸ್ಪರ್ಧೆಗೆಂದೇ ಮಾಡಿದ ಬಿಗಿ ಈಜುಡುಪು, ಹಾಕಿಕೊಳ್ಳಲು ನನಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಮೀಟ್, ಅಂದರೆ ಈಜು ಸ್ಪರ್ಧೆಯ ದಿನ. ಹೊರಗೆ ಮೈಕಿನಲ್ಲಿ ಒಂದೊಂದೇ ಹೀಟ್ ಕೂಗುತ್ತಿದ್ದರು. ಒಳಗೆ ನಾನು ಬೆಂಚಿನ ಮೇಲೆ ಕೂತು, ಪಾದಕ್ಕೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಅದರ ಮೇಲೆ ಸೂಟಿನ ಕಾಲು ಜಾರಿಸುತ್ತಿದ್ದೆ. ಕವರ್ ಇಲ್ಲದಿದ್ದರೆ ಅದು ಹಿಮ್ಮಡಿ ದಾಟುವುದೇ ಇಲ್ಲ. ಆಮೇಲೆ ಬಟ್ಟೆಯನ್ನು ಒಂದೊಂದೇ ಅಂಗುಲ ಮೇಲೆ ತರಬೇಕು. ಉಗುರು ತಾಗಬಾರದು. ಮೈ ಸ್ವಲ್ಪ ಒದ್ದೆಯಿದ್ದರೂ ಅಲ್ಲೇ ಕಚ್ಚಿಕೊಳ್ಳುತ್ತದೆ. ತೊಡೆ ದಾಟುವ ಹೊತ್ತಿಗೆ ಬೆವರು ಬಂದಿತ್ತು. ಭುಜದ ಪಟ್ಟಿ ಮೇಲೇರಿಸಲು ಗೆಳತಿಯೊಬ್ಬಳು ಬಂದು ಎಳೆದಳು. ನೆಟ್ಟಗೆ ನಿಂತಾಗ ಎರಡು ಬದಿಯಿಂದ ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಹಾಗಿತ್ತು.

ನಾನು ಈಜು ಕಲಿತದ್ದು 38ನೇ ವಯಸ್ಸಿನಲ್ಲಿ, ಜಯನಗರದಲ್ಲಿ, ಲೇಡೀಸ್ ಬ್ಯಾಚಿಗೆ ಸೇರಿ. ಈಗ 51. ದೊಡ್ಡವರಿಗಾಗಿಯೇ ಇರುವ ಮಾಸ್ಟರ್ಸ್ ಈಜಿನಲ್ಲಿ 25 ವರ್ಷದಿಂದ ಶುರುವಾಗಿ ಐದೈದು ವರ್ಷಕ್ಕೊಂದು ಗುಂಪು. ನನ್ನ ಸ್ಪರ್ಧೆ ನನ್ನ ವಯಸ್ಸಿನವರ ಜೊತೆ. ಮನೆ, ಆಫೀಸು, ಮೊಣಕಾಲು ನೋವು ಎಲ್ಲ ಇಟ್ಟುಕೊಂಡು ಬೆಳಗ್ಗೆ ಐದೂವರೆಗೆ ನೀರಿಗೆ ಇಳಿಯುವವರು ನಾವು. ನಮ್ಮಲ್ಲಿ ಹೆಚ್ಚಿನವರು ಮೊದಲು ಈಜಿದ್ದು ಫ್ರಾಕ್ ಸೂಟಿನಲ್ಲೇ. ಹಾಗಾಗಿ 24,000 ರೂಪಾಯಿ ಕೊಟ್ಟು ಒಂದು ಸೂಟ್ ತಂದಾಗ ನನಗೆ ನಾನೇ ಒಂದು ಮಾತು ಹೇಳಿಕೊಂಡೆ. ಇದು ನಿಜವಾಗಿ ಏನು ಮಾಡುತ್ತದೆ ಅಂತ ಸರಿಯಾಗಿ ನೋಡಲೇಬೇಕು.

ಎಂಟು ಭಾನುವಾರ ನೋಡಿದೆ. ಒಂದು ವಾರ ಮಾಮೂಲಿ ಸೂಟ್, ಮುಂದಿನ ವಾರ ಟೆಕ್ ಸೂಟ್. ಅದೇ 25 ಮೀಟರ್ ಕೊಳ, ಅದೇ ಲೇನ್, ಅದೇ ಹೊತ್ತು. ಪ್ರತಿ ಸಲ 50 ಮೀಟರ್ ಫ್ರೀಸ್ಟೈಲ್ ನಾಲ್ಕು ಬಾರಿ, ಮಧ್ಯೆ ಐದು ನಿಮಿಷ ಬಿಡುವು. ಗೆಳತಿ ಸ್ಟಾಪ್‌ವಾಚ್ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದಳು. ಮಾಮೂಲಿ ಸೂಟಿನ ಸರಾಸರಿ 43.6 ಸೆಕೆಂಡ್ ಬಂತು. ಟೆಕ್ ಸೂಟಿನದು 42.8. ಕೈಯಲ್ಲಿ ಒತ್ತುವ ವಾಚು, ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹೊಸ ಸೂಟ್ ಹಾಕಿದ ದಿನ ಮನಸ್ಸಿನ ಹುರುಪೂ ಸೇರಿರುತ್ತದೆ. ಅದನ್ನೆಲ್ಲ ಬಿಟ್ಟರೂ ವ್ಯತ್ಯಾಸ ಇದೆ ಅಂತಲೇ ನನ್ನ ಲೆಕ್ಕ.

ಅದು ಕಣ್ಣಿಗೆ ಕಂಡದ್ದು ಗ್ಲೈಡ್‌ನಲ್ಲಿ. ಗೋಡೆಯನ್ನು ಒದ್ದು, ಕಿಕ್ ಇಲ್ಲದೆ, ಕೈ ಚಾಚಿ ಸುಮ್ಮನೆ ಜಾರಬೇಕು. ಲೇನ್ ಹಗ್ಗದಲ್ಲಿ ಗೋಡೆಯಿಂದ ಐದು ಮೀಟರ್‌ವರೆಗೆ ಬಿಲ್ಲೆಗಳ ಬಣ್ಣ ಬೇರೆ. ಮಾಮೂಲಿ ಸೂಟಿನಲ್ಲಿ ಆ ಬಣ್ಣ ಮುಗಿಯುವ ಹತ್ತಿರ ನಾನು ನಿಂತುಬಿಡುತ್ತಿದ್ದೆ. ಟೆಕ್ ಸೂಟಿನಲ್ಲಿ ಅದನ್ನೂ ದಾಟಿ ಒಂದು ಮೊಳ ಮುಂದೆ ಹೋಗುತ್ತಿದ್ದೆ. ಹೊಸದರಲ್ಲಿ ಆ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟರೆ ಕೆಸುವಿನ ಎಲೆಯ ಮೇಲೆ ಉರುಳಿದ ಹಾಗೆ ಉರುಳುತ್ತದೆ. ಬಟ್ಟೆ ನೀರು ಕುಡಿಯುವುದಿಲ್ಲ, ಹೊಟ್ಟೆ ತೊಡೆಗಳನ್ನು ಬಿಗಿಹಿಡಿದು ಅಲುಗಾಡಲು ಬಿಡುವುದಿಲ್ಲ, ಸೊಂಟ ನೇರ ಇರುತ್ತದೆ. ವಯಸ್ಸಾದ ಮೈ ಸಡಿಲ ಅಲ್ವಾ, ಬಿಗಿಯ ಲಾಭ ನಮ್ಮಂಥವರಿಗೆ ಚೆನ್ನಾಗಿಯೇ ಸಿಗುತ್ತದೆ. ಆದರೆ ಹತ್ತು ಹನ್ನೆರಡು ಸಲ ಹಾಕಿದ ಮೇಲೆ ಹನಿ ಉರುಳುವುದು ನಿಂತಿತು. ಬಟ್ಟೆಯಲ್ಲಿ ಇಂಗತೊಡಗಿತು.

ಇದೇ ಸಮಯದಲ್ಲಿ ಕೋಚ್ ನನ್ನ ಟರ್ನ್, ಅಂದರೆ ಗೋಡೆ ಹತ್ತಿರ ತಿರುಗುವುದನ್ನು, ನೋಡಿ, “ಮೇಡಂ, ಗೋಡೆ ಹತ್ರ ಬಂದು ಉಸಿರು ತಗೊಂಡು ಯೋಚನೆ ಮಾಡ್ತೀರ, ಅದನ್ನ ಬಿಡಿ” ಅಂದರು. ಮೂರು ವಾರ ಅದೊಂದನ್ನೇ ತಿದ್ದಿದೆ. ಮಾಮೂಲಿ ಸೂಟಿನಲ್ಲೇ ಒಂದು ಸೆಕೆಂಡಿಗಿಂತ ಜಾಸ್ತಿ ಇಳಿಯಿತು.

ಟೆಕ್ ಸೂಟ್ ಅಂದರೆ ಮೋಸ ಅನ್ನುವವರು ಸಾಮಾನ್ಯವಾಗಿ 2008-09ರ ಸೂಟುಗಳನ್ನು ನೆನೆಸಿಕೊಂಡು ಹೇಳುತ್ತಾರೆ. ಅವು ಬೇರೆಯೇ. 2008ರಲ್ಲಿ ಬಂದ ಸ್ಪೀಡೋ ಎಲ್‌ಜ಼ೆಡ್‌ಆರ್ ರೇಸರ್‌ನಲ್ಲಿ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಗಳಿದ್ದವು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಎಂಟು ಚಿನ್ನ ಗೆದ್ದ ವರ್ಷ ಅದು. ಮರುವರ್ಷ ಇಡೀ ಸೂಟೇ ಪಾಲಿಯುರಿಥೇನ್ ಆಯಿತು. ಈಜುಗಾರ ನೀರಿನಲ್ಲಿ ಮೇಲೆ ತೇಲತೊಡಗಿದ. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವದಾಖಲೆ ಬಿದ್ದವು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಜರ್ಮನಿಯ ಪಾಲ್ ಬೀಡರ್‌ಮನ್ 1 ನಿಮಿಷ 42.00 ಸೆಕೆಂಡಿನಲ್ಲಿ ಈಜಿ ಫೆಲ್ಪ್ಸ್ ಅವರನ್ನು ಸೋಲಿಸಿದರು. ಸೂಟಿನ ಪಾಲೂ ಇದೆ ಅಂತ ಬೀಡರ್‌ಮನ್ ಅವರೇ ಒಪ್ಪಿಕೊಂಡರು. ಕೊನೆಗೆ 2010ರ ಜನವರಿ 1ರಿಂದ ಅಂಥ ಸೂಟುಗಳಿಗೆ ತಡೆ ಬಿತ್ತು. ಈಗ ನೇಯ್ದ ಬಟ್ಟೆ ಮಾತ್ರ. ಗಂಡಸರಿಗೆ ಹೊಕ್ಕುಳಿನಿಂದ ಮೊಣಕಾಲು, ಹೆಂಗಸರಿಗೆ ಭುಜದಿಂದ ಮೊಣಕಾಲು, ಜಿಪ್ ಇರಬಾರದು. ಬಟ್ಟೆಯ ದಪ್ಪ 0.8 ಮಿಲಿಮೀಟರ್ ಮೀರಬಾರದು. ತೇಲಿಸುವ ಬಲ ಅರ್ಧ ನ್ಯೂಟನ್‌ಗಿಂತ ಹೆಚ್ಚಿರಬಾರದು. ಅಂದರೆ ಬರೀ 50 ಗ್ರಾಂ ಎತ್ತುವಷ್ಟು. ಹಾಗಾಗಿ ನಾನು ಹಾಕಿದ್ದು ನಿಯಮದೊಳಗಿನ ಸೂಟೇ. ಅದರಲ್ಲಿ ಕಳ್ಳತನವಿಲ್ಲ.

ದೊಡ್ಡ ಮಟ್ಟದಲ್ಲಿ ಇದು ಬೇಕು ಅನ್ನುವುದರಲ್ಲೂ ನನಗೆ ಅನುಮಾನವಿಲ್ಲ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ 53.77 ಸೆಕೆಂಡಿನಲ್ಲಿ ಈಜಿದರು. ಒಲಿಂಪಿಕ್ಸ್‌ನ ‘ಎ’ ಮಟ್ಟ, ಅಂದರೆ ನೇರ ಪ್ರವೇಶಕ್ಕೆ ಬೇಕಾದ ಟೈಮಿಂಗ್, ಆಗ 53.85 ಇತ್ತು. ನಡುವಿನ ಅಂತರ ಸೆಕೆಂಡಿನ ನೂರರಲ್ಲಿ ಎಂಟು ಪಾಲು. ಅಂಥ ಜಾಗದಲ್ಲಿ ನಿಯಮ ಒಪ್ಪಿದ ಯಾವ ಸಹಾಯವನ್ನೂ ಬಿಡಬಾರದು. ಅಲ್ಲಿ ಎದುರಾಳಿಗಳೆಲ್ಲ ಅದನ್ನೇ ಹಾಕಿರುತ್ತಾರೆ.

ನಮ್ಮಲ್ಲಿ ಹಾಗಲ್ಲ. ಅದು ನನಗೆ ಮನದಟ್ಟಾದದ್ದು ಒಂದು ರಿಲೇಯಲ್ಲಿ.

ಮಾಸ್ಟರ್ಸ್ ರಿಲೇಯಲ್ಲಿ ನಾಲ್ವರ ವಯಸ್ಸು ಕೂಡಿಸಿ ಗುಂಪು ಮಾಡುತ್ತಾರೆ. ಆಗ ನನಗೆ 50. ಉಳಿದವರಿಗೆ 46, 53, 61. ಒಟ್ಟು 210, ಅಂದರೆ 200ರಿಂದ 239ರ ಗುಂಪು. 61ರವರು ಬ್ಯಾಂಕಿನಿಂದ ನಿವೃತ್ತರಾದವರು. ನಾವು ಅಕ್ಕ ಅಂತಲೇ ಕರೆಯುವುದು. ಈ ತಂಡ ಕಟ್ಟಿದ್ದು, ಬೆಳಗ್ಗೆ ಫೋನ್ ಮಾಡಿ ಎಬ್ಬಿಸಿ ಕರೆತಂದದ್ದು ಅವರೇ. ನಾವು ಮೂವರು ಟೆಕ್ ಸೂಟ್ ಹಾಕಿದ್ದೆವು. ಅಕ್ಕ ತಮ್ಮ ಹಳೇ ಕಪ್ಪು ಸೂಟಿನಲ್ಲೇ ಬಂದರು, ಮೂರನೆಯವರಾಗಿ ಈಜಿದರು. ಅರ್ಧ ಸೆಕೆಂಡಿಗೆ ಪದಕ ತಪ್ಪಿತು.

ಅಕ್ಕ ಟವೆಲ್ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದರು. “ನನ್ನಿಂದಾನೇ ಹೋಯ್ತಲ್ಲ ಕಣೇ. ನಾನೂ ಒಂದು ತಗೊಂಡುಬಿಡ್ಬೇಕಿತ್ತು” ಅಂದರು. ಅವರು ಆ ದಿನ ತಮ್ಮ ಜೀವನದಲ್ಲೇ ಅತಿ ಒಳ್ಳೆಯ ಟೈಮಿಂಗ್ ಈಜಿದ್ದರು. ವಾಚ್ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ. ಆ ವಾರ ಅವರ ಮೊಣಕಾಲಿನ ಇಂಜೆಕ್ಷನ್‌ಗೆ ದುಡ್ಡು ಖರ್ಚಾಗಿತ್ತು ಅಂತ ನನಗೆ ಗೊತ್ತಿತ್ತು. ಆ ಮೈಯನ್ನು ಈ ಬಿಗಿ ಬಟ್ಟೆಯೊಳಗೆ ತೂರಿಸುವುದು ಅವರಿಗೆ ಎಷ್ಟು ನೋವು ಅಂತಲೂ ಗೊತ್ತಿತ್ತು. ರಾತ್ರಿ ನಿದ್ದೆ ಬರಲಿಲ್ಲ. ನಾವು ಮೂವರು ಆ ಸೂಟ್ ಹಾಕಿದ್ದಕ್ಕೇ ಅಕ್ಕನಿಗೆ ಹಾಗನ್ನಿಸಿದ್ದು. ನಾಲ್ವರೂ ಮಾಮೂಲಿ ಸೂಟಿನಲ್ಲಿ ಇಳಿದು ಸೋತಿದ್ದರೆ ಆ ಮಾತೇ ಅವರ ಬಾಯಿಂದ ಬರುತ್ತಿರಲಿಲ್ಲ.

ಮುಂದಿನ ತಿಂಗಳು ನಾಲ್ವರೂ ಕೂತು ಮಾತಾಡಿದೆವು. 46ರ ಹುಡುಗಿ ಒಪ್ಪಲಿಲ್ಲ. “ನಿಯಮ ಬಿಟ್ಟಿದೆ, ನಾನು ದುಡಿದ ದುಡ್ಡು, ನಾನ್ಯಾಕೆ ಬಿಡ್ಲಿ ಅಕ್ಕಾ” ಅಂದಳು. ಅವಳ ಮಾತಲ್ಲಿ ತಪ್ಪಿಲ್ಲ. ಒಬ್ಬರೇ ಈಜುವಾಗ ಅವರವರ ಇಷ್ಟ ಅಂತಲೇ ತೀರ್ಮಾನಿಸಿದೆವು. ಆದರೆ ರಿಲೇಯಲ್ಲಿ ಹಾಕಿದರೆ ನಾಲ್ವರೂ, ಇಲ್ಲದಿದ್ದರೆ ಯಾರೂ ಬೇಡ. ಅದಕ್ಕೆ ಅವಳೂ ಹೂಂ ಅಂದಳು.

ನಮ್ಮ ಬ್ಯಾಚಿಗೆ ಹೊಸದಾಗಿ ಬರುವವರು ಮೊದಲ ಮೀಟ್‌ಗೆ ಮುಂಚೆ ನನ್ನನ್ನು ಕೇಳುತ್ತಾರೆ, ತಗೊಳ್ಳಲೇಬೇಕಾ ಅಂತ. ಬೇಡ ಅನ್ನುತ್ತೇನೆ. ಹೋದ ವರ್ಷ ಒಬ್ಬಳು ಅಂಗಡಿಯವರ ಮಾತು ಕೇಳಿ ಒಂದು ಸೈಜ್ ಚಿಕ್ಕದು ತಂದಳು. ಹಾಕಿಕೊಳ್ಳುವಾಗಲೇ ಹೊಲಿಗೆ ಬಿಟ್ಟಿತು. ಉಗುರು ತಾಗಿಸಿದ್ದೀರಿ ಅಂತ ಹೇಳಿ ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಅವಳ ಸ್ಪರ್ಧೆಯೂ ತಪ್ಪಿತು. ಆ ದುಡ್ಡಿನಲ್ಲಿ ಎಷ್ಟೋ ತಿಂಗಳ ಕೋಚಿಂಗ್ ಆಗುತ್ತಿತ್ತು. ಊರೊಳಗಿನ, ರಾಜ್ಯಮಟ್ಟದ ಮೀಟ್‌ಗಳಲ್ಲಿ ಮೊದಲ ಸಲ ಬರುವವರಿಗಾಗಿ ಮಾಮೂಲಿ ಸೂಟಿನ ಒಂದೆರಡು ಸ್ಪರ್ಧೆ ಇಡಿ ಅಂತ ನಾವು ಆಯೋಜಕರಿಗೆ ಪತ್ರ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮತ್ತೆ ಹೋಗಿ ಕೇಳುತ್ತೇವೆ.

ನನ್ನ ಸೂಟ್ ಬೀರುವಿನಲ್ಲಿದೆ, ನೆರಳಲ್ಲಿ ಒಣಗಿಸಿ ಮಡಚಿ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ, ರಾಷ್ಟ್ರಮಟ್ಟದ 50 ಮೀಟರ್‌ಗೆ ಮಾತ್ರ ತೆಗೆಯುತ್ತೇನೆ. ನೋಟ್‌ಬುಕ್ಕಿನಲ್ಲಿ ಆ ಟೈಮಿಂಗ್ ಪಕ್ಕ ‘ಸೂ’ ಅಂತ ಬರೆಯುತ್ತೇನೆ. ಅಕ್ಕನ ಪುಟದಲ್ಲಿ ಒಂದೂ ‘ಸೂ’ ಇಲ್ಲ. ಅವರು ಈ ವರ್ಷ ಬ್ಯಾಕ್‌ಸ್ಟ್ರೋಕ್ ಶುರುಮಾಡಿದ್ದಾರೆ, ನಾಳೆ ಐದೂವರೆಗೆ ವಾಚ್ ಹಿಡಿಯುವ ಸರದಿ ನನ್ನದು.